ಹಡಗಜ್ಜನ ಲೇವಿಸ್ಕ

“ಹಡಗಜ್ಜನ ಆ ಕಬ್ಬಿಣದ ತೂಕದ ಬಟ್ಟಿಗೆ ಲೇವಿಸ್ಕ ಅಂತ ಹೆಸರು ಯಾಕೆ ಬಂತು? ಒಂದು ಸಲ ಕೇಳ್ಕಂಡು ಬನ್ನಿ.”

ಗಣಪಿ ತನ್ನ ಗಂಡನಿಗೆ ಹೇಳಿದ ಕೊನೆಯ ಮಾತು ಇದು.

ಗಂಡ ಹಮ್ಮಣ್ಣ. ಉಪ್ಪಿನ ಆಗರದಲ್ಲಿ ತೂಕ ಮಾಡುವವನು. ಊರವರು ತೂಕದ ಹಮ್ಮಣ್ಣ ಅನ್ನುತ್ತಿದ್ದರು. ಮಾತು ಕಡಿಮೆ. ತಕ್ಕಡಿಯ ಮುಳ್ಳು ನೆಟ್ಟಗೆ ನಿಂತರೆ “ಹೂಂ” ಅನ್ನುತ್ತಿದ್ದ. ನಿಲ್ಲದಿದ್ದರೆ ಅದೂ ಇಲ್ಲ.

ಅವನು ತೂಗಿದ ಚೀಲದ ಬಾಯಿ ಹೊಲಿಯುವ ಕೆಲಸ ಗಣಪಿಯದು. ಹೊಲಿಯುವ ಮುಂಚೆ ರಾಶಿಯಿಂದ ಒಂದು ಹಿಡಿ ಉಪ್ಪು ತೆಗೆದು ಚೀಲಕ್ಕೆ ಹಾಕುತ್ತಿದ್ದಳು. ಕೊಸರು.

“ತೂಕ ಸರಿ ಉಂಟಲ್ಲ. ಮತ್ತೆ ಯಾಕೆ?” ಅಂತ ಹಮ್ಮಣ್ಣ ಗೊಣಗುತ್ತಿದ್ದ.

“ತೂಕ ನಿಮ್ಮದು. ಹಿಡಿ ನಂದು. ನೀವು ಮುಳ್ಳು ನೋಡಿ,” ಅನ್ನುತ್ತಿದ್ದಳು.

ಆ ಮಾತು ಹೇಳಿದ ದಿನ, ಹಾಸಿಗೆ ಹಿಡಿದಿದ್ದ ಗಣಪಿಗೆ ಕೊಂಚ ಹುಷಾರಿತ್ತು. ಬಹಳ ದಿನದ ಮೇಲೆ ಎದ್ದು ಗೋಡೆಗೆ ಒರಗಿ ಕೂತು ಗಂಜಿ ಕುಡಿದಿದ್ದಳು. ಅದಕ್ಕೇ ಹಮ್ಮಣ್ಣ ಹೊರಟ. ಹೊಳೆ ಸಮುದ್ರಕ್ಕೆ ಸೇರುವ ಕಡೆ ಹಡಗಜ್ಜನ ಗುಡಿಸಲು. ಹೋದರೆ ಅಜ್ಜ ಇಲ್ಲ. ದೋಣಿ ತೆಗೆದುಕೊಂಡು ಆಚೆ ದಡಕ್ಕೆ ಹೋಗಿದ್ದ. ಹಮ್ಮಣ್ಣ ಕಾದ. ನೀರು ಇಳಿಯಿತು. ಅಜ್ಜ ಬರಲಿಲ್ಲ.

ಮನೆಗೆ ಬಂದಾಗ ಅಂಗಳದಲ್ಲಿ ಹೆಂಗಸರು ನಿಂತಿದ್ದರು. ಯಾರೂ ಅವನ ಮುಖ ನೋಡಲಿಲ್ಲ.

ಹನ್ನೊಂದರ ದಿನ ಎಡೆ ಇಟ್ಟರು. ಬಾಳೆ ಎಲೆಯ ಮೇಲೆ ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ಕಾಯಿ ಹಾಕಿದ ಬಸಳೆ. ಎಲ್ಲ ಅವಳಿಗೆ ಸೇರುವಂಥದ್ದೇ. ಕಾಗೆ ಬಂತು. ಮಾಡಿನ ಮೇಲೆ ಕೂತಿತು. ಎಲೆ ನೋಡಿತು. ಮುಟ್ಟಲಿಲ್ಲ.

“ಏನೋ ಆಸೆ ಉಳಿದುಹೋಗಿದೆ,” ಅಂದರು ಹಿರಿಯರು.

ಗಣಪಿಯ ಅಕ್ಕ ಓಡಿಹೋಗಿ ಎಲೆ ಅಡಿಕೆ ತಂದಿಟ್ಟಳು. ಕಾಗೆ ಮುಟ್ಟಲಿಲ್ಲ. ಇನ್ನೊಬ್ಬಳು ಒಣ ಸಿಗಡಿಯ ಚಟ್ನಿ ತಂದಳು. ಮುಟ್ಟಲಿಲ್ಲ. ಒಬ್ಬ ಮುದುಕ, ಬೀಡಿ ಇಟ್ಟು ನೋಡಿ ಅಂದ. ಗಣಪಿ ಬೀಡಿ ಸೇದುತ್ತಿರಲಿಲ್ಲ. ಹೇಳಿದವನಿಗೆ ಬೇಕಿತ್ತು.

ಹಮ್ಮಣ್ಣ ಕಾಗೆಯನ್ನೇ ನೋಡುತ್ತಿದ್ದ. ಅವನಿಗೆ ಗೊತ್ತಿತ್ತು. ಹೋಗುವವರು ಕಡೆಗೆ ಕೇಳಿದ್ದನ್ನು ಎಡೆಯಲ್ಲಿ ಇಡಬೇಕು. ಆ ಕಡೆಯ ಪದ್ಧತಿ ಅದು. ಮೀನು ಕೇಳಿದರೆ ಮೀನು. ಸೀರೆ ಕೇಳಿದರೆ ಸೀರೆ. ಗಣಪಿ ಕೇಳಿದ್ದು ಮೀನಲ್ಲ, ಸೀರೆಯಲ್ಲ. ಒಂದು ಉತ್ತರ.

ಉತ್ತರ ತಂದಿಡದೆ ಅವಳು ಹೋಗುವುದಿಲ್ಲ. ಅವಳು ಹೋಗದೆ ತಾನು ತಕ್ಕಡಿ ಮುಟ್ಟುವುದಿಲ್ಲ. ಹಾಗೆ ಗಟ್ಟಿ ಮಾಡಿಕೊಂಡ.

ಮಾರನೇ ದಿನ ಹಡಗಜ್ಜನ ಹತ್ತಿರ ಹೋದ.

ಹಡಗಜ್ಜ ಅಂದರೆ ಕಾವಿ ಉಟ್ಟವನಲ್ಲ. ಪ್ರಾಯದಲ್ಲಿ ಹಡಗು ಸೇರಿ, ಲೋಕ ಸುತ್ತಿ, ತಿರುಗಿ ಬಂದು ಹೊಳೆಯ ಬಾಯಲ್ಲಿ ಗುಡಿಸಲು ಕಟ್ಟಿಕೊಂಡವನು. ಬಂದವರನ್ನು ದೋಣಿಯಲ್ಲಿ ದಾಟಿಸುತ್ತಿದ್ದ. ಕೇಳಿದವರಿಗೆ ಒಂದು ಮಾತು ಹೇಳುತ್ತಿದ್ದ. ಜನ ಆ ಗುಡಿಸಲನ್ನು ಆಶ್ರಮ ಅಂದರು. ಅವನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ.

ಅಜ್ಜ ಬಲೆ ಹೊಲಿಯುತ್ತ ಕೂತಿದ್ದ.

“ಅಜ್ಜಾ, ಲೇವಿಸ್ಕ ಅಂತ ಹೆಸರು ಯಾಕೆ ಬಂತು?”

ಅಜ್ಜ ತಲೆ ಎತ್ತಲಿಲ್ಲ. “ತೂಕದವನಲ್ಲವಾ ನೀನು? ಮೊದಲು ಎತ್ತಿ ನೋಡು.”

ಕಬ್ಬಿಣದ ಬಟ್ಟು ಒಂದು ಭರಣಿಯ ಮುಚ್ಚಳದ ಮೇಲೆ ಕೂತಿತ್ತು. ದುಂಡಗೆ, ಕಪ್ಪಗೆ, ಹಿಡಿಯಲಿಕ್ಕೆ ತಲೆಯ ಮೇಲೊಂದು ಬಳೆ. ಹಮ್ಮಣ್ಣ ಬಳೆಗೆ ಬೆರಳು ಹಾಕಿ ಎತ್ತಿದ. ಕಣ್ಣು ಮುಚ್ಚಿದ.

“ಎಂಟೂವರೆ ಕಿಲೋ. ಒಂದು ಹಿಡಿ ಅತ್ತ ಇತ್ತ.”

“ಭೇಷ್. ತೂಕ ಗೊತ್ತಾಯ್ತಲ್ಲ. ಇನ್ನೆಂತ ಬೇಕು?”

“ಹೆಸರು. ಅದು ಎಲ್ಲಿಂದ ಬಂತು ಅಂತ.”

“ಕಬ್ಬಿಣ ಎತ್ತಿದ ಹಾಗೆ ಅದು ಒಂದೇ ಸಲಕ್ಕೆ ಬರೋದಿಲ್ಲ, ತಮಾ. ಇಲ್ಲೇ ಇರ್ತೀಯಾ?”

“ಎಷ್ಟು ದಿನ?”

“ಗಂಜಿ ಉಂಟು. ಉಪ್ಪುಸೊಳೆ ಉಂಟು.”

ಕೇಳಿದ್ದಕ್ಕೆ ಅದು ಉತ್ತರ ಅಲ್ಲ. ಆದರೂ ಹಮ್ಮಣ್ಣ ಉಳಿದ. ಮನೆಯಲ್ಲಿ ಗಂಜಿ ಮಾಡುವವರು ಇರಲಿಲ್ಲ.

ಅಜ್ಜ ಅವನಿಗೆ ಕೊಟ್ಟ ಕೆಲಸ ಒಂದೇ. ಬಟ್ಟು ನೋಡಿಕೊಳ್ಳುವುದು.

ಬೆಳಿಗ್ಗೆ ಎದ್ದು ಬಟ್ಟಿನ ಮೇಲಿನ ಇಬ್ಬನಿ ಒರೆಸಬೇಕು. ತೆಂಗಿನೆಣ್ಣೆ ಹಚ್ಚಬೇಕು. ಆಮೇಲೆ ಹೊತ್ತುಕೊಂಡು ಹೋಗಿ ದೋಣಿಯಲ್ಲಿ ಇಡಬೇಕು. ನಡುವೆ ದೋಣಿ ನಿಲ್ಲಿಸಬೇಕಾದರೆ ಅದೇ ಲಂಗರು. ಸಂಜೆ ತಂದು, ಸಿಹಿನೀರಲ್ಲಿ ತೊಳೆದು, ಒರೆಸಿ, ಭರಣಿಯ ಮೇಲೆ ಹೇರಬೇಕು. ಭರಣಿಯಲ್ಲಿ ಉಪ್ಪಿಗೆ ಹಾಕಿದ ಹಲಸಿನ ತೊಳೆ. ಮೇಲೆ ಭಾರ ಇಲ್ಲದಿದ್ದರೆ ತೊಳೆ ತೇಲುತ್ತದೆ, ಕೆಡುತ್ತದೆ.

“ಒಂದೇ ಬಟ್ಟು. ಹಗಲು ದೋಣಿ ಕಾಯ್ತದೆ, ರಾತ್ರಿ ಸೊಳೆ ಕಾಯ್ತದೆ. ನಿದ್ದೆ ಯಾವಾಗ ಮಾಡ್ತದೆ ಅಜ್ಜಾ?” ಅಂದ ಹಮ್ಮಣ್ಣ.

ಅಜ್ಜ ನಕ್ಕ. “ಅರೆ, ಮಾತು ಬರ್ತದೆ ನಿನಗೆ!”

ಹಮ್ಮಣ್ಣ ತಾನೇ ಬೆಚ್ಚಿದ. ಇಷ್ಟು ಉದ್ದದ ಮಾತು ಆಡಿ ಎಷ್ಟೋ ಕಾಲವಾಗಿತ್ತು.

ಒಂದು ದಿನ ಭರಣಿಗೆ ಉಪ್ಪು ಹಾಕಲು ಅಜ್ಜ ಹೇಳಿದ. ಮೂಲೆಯಲ್ಲಿ ಚೀಲ ಇತ್ತು. ಹಮ್ಮಣ್ಣ ಬೆರಳಲ್ಲಿ ಒಂದು ಹರಳು ಎತ್ತಿ ಬೆಳಕಿಗೆ ಹಿಡಿದ. ನಾಲಿಗೆಗೆ ಹಚ್ಚಿದ.

“ಇದು ನಮ್ಮ ಆಗರದ್ದು.”

“ಹೂಂ.”

“ಯಾರು ತಂದುಕೊಟ್ಟದ್ದು?”

“ಮುಗಿದ ಮೇಲೆ ಗೊತ್ತಾಗ್ತದೆ. ಹಾಕು.”

ದಿನ ಹೋದವು. ಅಜ್ಜ ಹೆಸರಿನ ಸುದ್ದಿ ಎತ್ತಲಿಲ್ಲ. ಹಮ್ಮಣ್ಣ ದೋಣಿ ಹತ್ತಿದವರ ಹತ್ತಿರ ಕೇಳಲು ಶುರು ಮಾಡಿದ.

ಬಟ್ಟೆ ಗಂಟು ಹೊತ್ತ ಒಬ್ಬ ವ್ಯಾಪಾರಿ ಬಟ್ಟಿನ ಸುತ್ತ ತಿರುಗಿ ನೋಡಿ ಹೇಳಿದ: “ಲೇವಿ ಅಂದ್ರೆ ಸುಂಕ ಅಲ್ದಾ? ಯಾವುದೋ ಸುಂಕದ ಕಟ್ಟೆಯ ಬಟ್ಟು ಇರಬೇಕು. ಸಂಶಯವೇ ಬೇಡ.”

ಹಮ್ಮಣ್ಣನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಓಡಿ ಮನೆಗೆ ಹೋದ. ಅನ್ನ ಬೇಯಿಸಿದ. ಅಂಗಳದಲ್ಲಿ ಎಲೆ ಹಾಕಿ ಬಡಿಸಿದ. ಕಾಗೆ ಬಂತು. ಹಮ್ಮಣ್ಣ ಕೈಮುಗಿದು ಎಲೆಯ ಮುಂದೆ ಬಗ್ಗಿದ.

“ಸುಂಕ,” ಅಂದ. “ಗಣಪೀ, ಅದು ಸುಂಕ ಅಂತೆ.”

ಕಾಗೆ ಹಾರಿಹೋಯಿತು.

ಸಂಜೆ ಮೋರೆ ಇಳಿಸಿಕೊಂಡು ಬಂದು ಅಜ್ಜನಿಗೆ ಹೇಳಿದ. ಅಜ್ಜ ಬಿದ್ದು ಬಿದ್ದು ನಕ್ಕ. ಕೆಮ್ಮು ಬಂತು. ನೀರು ಕುಡಿದ.

“ಸುಂಕ ಅಂದ್ರೆ ಯಾವ ಊರಿನ ಕಾಗೆ ನಿಲ್ತದೆ, ತಮಾ?”

“ನಗಬೇಡಿ ಅಜ್ಜಾ. ನೀವು ಹೇಳಿದ್ರೆ ನಾನು ಯಾಕೆ ಅವನನ್ನ ಕೇಳ್ತಿದ್ದೆ?”

“ಅದೂ ಹೌದು.”

“ಹಾಗಾದ್ರೆ ನಾಳೆ ಬೆಳಿಗ್ಗೆ ಎದ್ದ ಕೂಡಲೇ ಹೇಳ್ಬೇಕು. ಇಲ್ಲ ಅಂದ್ರೆ ನಾನು ಈ ಬಟ್ಟು ಹೊಳೆಗೆ ಹಾಕ್ತ್ನೆ.”

“ಹಾಕು. ದಿನಾ ಹಾಕ್ತಾನೇ ಇದ್ದೀಯಲ್ಲ.”

ಬೆಳಿಗ್ಗೆ ಎದ್ದ ಕೂಡಲೇ ಹಮ್ಮಣ್ಣ ಅಜ್ಜನ ಎದುರು ನಿಂತ. ಹೊಳೆಯ ಮೇಲೆ ಇನ್ನೂ ಮಂಜು ಇತ್ತು. ಅಜ್ಜ ಮುಖ ತೊಳೆಯುತ್ತಿದ್ದ.

“ಹೇಳಿ.”

“ನಿಮ್ಮ ಆಗರದಲ್ಲಿ ಎದ್ದ ಕೂಡಲೇ ಉಪ್ಪು ತೂಗ್ತೀರಾ?”

“ಇಲ್ಲ.”

“ಯಾಕೆ?”

“ಇಬ್ಬನಿ ಕುಡಿದಿರ್ತದೆ. ಇದ್ದದ್ದಕ್ಕಿಂತ ಭಾರ ತೋರಿಸ್ತದೆ. ಬಿಸಿಲು ಬಿದ್ದು ರಾಶಿಯ ತಲೆ ಬೆಳ್ಳಗಾಗ್ಬೇಕು. ಆಮೇಲೆ ತಕ್ಕಡಿ ಕಟ್ಟೋದು.”

“ಅಷ್ಟರ ತನಕ ಎಂತ ಮಾಡ್ತೀರಿ?”

“ಕಾಯ್ತೇವೆ.”

“ಸುಮ್ಮನೆ?”

“ಸುಮ್ಮನೆ ಎಲ್ಲಿ? ಚೀಲ ಕೊಡವೋದು, ದಾರ ಕತ್ತರಿಸೋದು, ತಕ್ಕಡಿಯ ಸರಪಳಿ ಒರೆಸೋದು.”

ಅಜ್ಜ ಮುಖ ಒರೆಸಿಕೊಂಡ. ಎಣ್ಣೆಯ ಕರಟ ತಂದು ಹಮ್ಮಣ್ಣನ ಕೈಗೆ ಕೊಟ್ಟ. ಒಳಗೆ ಹೋದ.

ಹಮ್ಮಣ್ಣ ಬಟ್ಟಿನ ಮುಂದೆ ಕೂತ. ಇಬ್ಬನಿ ಒರೆಸಿದ. ಎಣ್ಣೆ ಹಚ್ಚಿದ. ಅವತ್ತಿನಿಂದ ಅವನು ಕೇಳುವುದು ಬಿಟ್ಟ. ಕೇಳಬೇಕು ಎನ್ನುವುದು ಬಿಡಲಿಲ್ಲ.

ಬಿಸಿಲು ಏರುವ ಕಾಲ ಮುಗಿಯುತ್ತ ಬಂತು. ಸಮುದ್ರದ ಮೇಲೆ ಮೋಡ ಕಾಣಿಸಿತು. ಒಂದು ಮಧ್ಯಾಹ್ನ ಆಗರದ ಮಂಕಾಳಿ ಬಂದಳು. ಉಪ್ಪು ಹೊರುವ ಹೆಂಗಸರಿಗೆಲ್ಲ ಹಿರಿಯಳು. ಅಜ್ಜನಿಗೆ ಕೈಮುಗಿದಳು. ಹಮ್ಮಣ್ಣನ ಕಡೆ ತಿರುಗಿ ಸೊಂಟಕ್ಕೆ ಕೈ ಕೊಟ್ಟಳು.

“ಹೋಯ್ ತೂಕದಣ್ಣ! ಇಲ್ಲಿ ಕಬ್ಬಿಣಕ್ಕೆ ಎಣ್ಣೆ ಸ್ನಾನ ಮಾಡಿಸ್ತಾ ಕೂತಿದ್ದೀಯಾ? ಅಲ್ಲಿ ರಾಶಿ ರಾಶಿ ಉಪ್ಪು ಬಿದ್ದಿದೆ. ಮಳೆ ಹನಿ ಬಿದ್ರೆ ನಮ್ಮ ವರ್ಷದ ಅನ್ನ ನೀರಾಗಿ ಹೊಳೆಗೆ ಹೋಗ್ತದೆ.”

“ತೂಗ್ಲಿಕ್ಕೆ ಹೊಸಬ ಇದ್ದಾನಲ್ಲ.”

“ಇದ್ದಾನೆ. ಅವನು ಮುಳ್ಳು ನೋಡೋದಿಲ್ಲ, ಮುಖ ನೋಡ್ತಾನೆ. ಕೊಳ್ಳುವವರಿಗೆ ಅವನ ಮೇಲೆ ನಂಬಿಕೆ ಇಲ್ಲ, ನಮಗೂ ಇಲ್ಲ. ಒಂದು ಚೀಲಕ್ಕೆ ಒಂದು ಜಗಳ. ಮೇಲಿಂದ ಕೊಸರು ಹಾಕೋದಿಲ್ಲ. ಬಂದವರು ‘ಗಣಪಿ ಹಿಡಿ ಎಲ್ಲಿ, ಗಣಪಿ ಹಿಡಿ ಎಲ್ಲಿ’ ಅಂತ ಅವನ ತಲೆ ತಿಂತಾರೆ.”

ಹೆಂಡತಿಯ ಹೆಸರು ಕೇಳಿ ಹಮ್ಮಣ್ಣ ನೆಲ ನೋಡಿದ.

ಮಂಕಾಳಿಯ ಸ್ವರ ಇಳಿಯಿತು. “ಬಾರೋ ಅಣ್ಣ. ಅವಳು ಇದ್ದಿದ್ರೆ ನಿನ್ನ ಕಿವಿ ಹಿಡಿದು ಎಳ್ಕಂಡು ಬರ್ತಿದ್ಲು.”

“ಅವಳು ಕೇಳಿದ್ದು ಸಿಕ್ಕಲಿಲ್ಲ ಅಕ್ಕ. ಸಿಕ್ಕದೆ ತಕ್ಕಡಿ ಮುಟ್ಟೋದಿಲ್ಲ.”

ಮಂಕಾಳಿ ಅಜ್ಜನ ಕಡೆ ನೋಡಿದಳು. ಅಜ್ಜ ಬಲೆಯ ಕಣ್ಣು ನೋಡುತ್ತಿದ್ದ. ಅವಳು ತಲೆಯ ಮೇಲಿನ ಸಿಂಬಿ ಸರಿ ಮಾಡಿಕೊಂಡು ಹೊರಟುಹೋದಳು.

ಅವಳು ಮರೆಯಾಗುವ ತನಕ ಅಜ್ಜ ಬಲೆ ಹೊಲಿದ. ಆಮೇಲೆ ಬಲೆ ಮಡಚಿ ಇಟ್ಟ.

“ಹಮ್ಮಣ್ಣಾ, ಬಟ್ಟು ತಕ್ಕೊಂಡು ಬಾ. ಕೂತ್ಕೋ.”

ಹಮ್ಮಣ್ಣ ಬಟ್ಟು ತಂದು ಇಬ್ಬರ ನಡುವೆ ಇಟ್ಟ. ಕೂತ.

“ಹಡಗಲ್ಲಿ ನನಗೊಬ್ಬ ಜೊತೆಗಾರ ಇದ್ದ. ಯೂಹೊ ಅಂತ. ಫಿನ್ಲೆಂಡ್ ಅನ್ನೋ ದೇಶದವನು. ಅಲ್ಲಿ ಚಳಿಗಾಲಕ್ಕೆ ಸಮುದ್ರ ಗಟ್ಟಿಯಾಗ್ತದೆ. ಜನ ಅದರ ಮೇಲೆ ನಡೀತಾರೆ.”

“ಸುಳ್ಳು.”

“ನಾನೂ ಹಾಗೇ ಅಂದಿದ್ದೆ. ಆಮೇಲೆ ನಡೆದೆ.”

ಹಮ್ಮಣ್ಣ ಅಜ್ಜನ ಪಾದ ನೋಡಿದ.

“ಈ ಬಟ್ಟು ಯೂಹೊನ ತಾಯಿಯದು. ಬೆಣ್ಣೆ ತೂಗ್ಲಿಕ್ಕೆ ಇಟ್ಕೊಂಡಿದ್ಳಂತೆ. ಅವರ ದೇಶದಿಂದ ತೆಂಕಕ್ಕೆ, ಸಮುದ್ರದ ಆಚೆ ದಡದಲ್ಲಿ, ಬೇರೆ ಒಂದು ಜನ ಇದ್ದರು. ಲೀವಿ ಅಂತ. ಮೀನು ಹಿಡಿಯೋರು. ನಮ್ಮ ಖಾರ್ವಿಗಳ ಹಾಗೆ ಅಂತ ಇಟ್ಕೋ. ಅವರ ಸೀಮೆಯಿಂದ ಬಂದ ತೂಕ ಇದು. ಲೀವಿಯವರ ತೂಕ, ಲೀವಿಯವರ ತೂಕ ಅಂತ ಹೇಳ್ತಿದ್ದರು. ಹೇಳ್ತಾ ಹೇಳ್ತಾ ತೂಕ ಅನ್ನೋದು ಉದುರಿಹೋಯ್ತು. ಲೀವಿಯವರದ್ದು ಅನ್ನೋದಷ್ಟೇ ಉಳೀತು. ಅದೂ ಬಾಯಿಂದ ಬಾಯಿಗೆ ತಿರುಗಿ ಲೇವಿಸ್ಕ ಆಯ್ತು.”

“ಅಷ್ಟೇನಾ?”

“ಅಷ್ಟೇ.”

ಹಮ್ಮಣ್ಣ ಬಟ್ಟಿನ ಕಡೆ ನೋಡಿದ. ಇಷ್ಟು ದಿನ ಹೊತ್ತದ್ದನ್ನು ಈಗ ಮೊದಲ ಸಲ ನೋಡಿದ ಹಾಗೆ ನೋಡಿದ.

“ಆ ಜನ ಈಗ ಎಲ್ಲಿದ್ದಾರೆ?”

“ಕಡಿಮೆ ಆಗ್ತಾ ಹೋದರು. ಅವರ ಮಾತು ಆಡೋ ಮುದುಕರು ಒಬ್ಬಿಬ್ಬರು ಇರಬಹುದು ಅಂತ ಆಗಲೇ ಯೂಹೊ ಹೇಳ್ತಿದ್ದ. ಈಗ ಗೊತ್ತಿಲ್ಲ.”

“ಬಟ್ಟು? ಅಲ್ಲಿ ಇದರಲ್ಲೇ ತೂಗ್ತಾರಾ ಈಗಲೂ?”

“ಕಿಲೋ ಬಂತಲ್ಲ. ಬಟ್ಟು ಮೂಲೆ ಸೇರ್ತು.”

“ಜನ ಹೋದರು. ಬಟ್ಟೂ ಹೋಯ್ತು. ಮತ್ತೆ ಹೆಸರು ಯಾಕೆ ಉಳೀತು, ಅಜ್ಜಾ?”

“ಆ ದೇಶದಲ್ಲಿ ಒಬ್ಬ ತನ್ನ ಪಾಲಿಗೆ ಬಂದ ಕೆಲಸ ಸರಿಯಾಗಿ ಮಾಡಿದ್ರೆ, ಅವನು ತನ್ನ ಲೇವಿಸ್ಕ ನೋಡ್ಕೊಂಡ ಅಂತಾರೆ. ಅನ್ನೋರಿಗೆ ಲೀವಿಯವರು ಯಾರು ಅಂತ ನೆನಪಿಲ್ಲ. ಮಾಡೋನಿಗೂ ಇಲ್ಲ. ಕೆಲಸ ನಡೀತದೆ. ಹೆಸರೂ ಅದರ ಜೊತೆ ನಡೀತದೆ.”

ನೀರು ಏರುತ್ತಿತ್ತು. ದೋಣಿ ಹಗ್ಗ ಜಗ್ಗುತ್ತಿತ್ತು.

“ಯೂಹೊ ಇದನ್ನ ನಿಮಗೆ ಯಾಕೆ ಕೊಟ್ಟ?”

“ಕೊಡಲಿಲ್ಲ. ಅವನಿಗೆ ಜ್ವರ ಬಂತು. ಒಂದು ಬಂದರದಲ್ಲಿ ಅವನನ್ನ ಇಳಿಸಿದರು. ‘ನಾ ಬರೋ ತನಕ ನೋಡ್ಕೋ’ ಅಂದ.”

“ಬಂದನಾ?”

ಅಜ್ಜ ಬಟ್ಟಿನ ಬಳೆಯನ್ನು ಹೆಬ್ಬೆರಳಿಂದ ಒರೆಸಿದ. ಬೆರಳು ನೋಡಿಕೊಂಡ.

“ಇವತ್ತು ಬಳೆಗೆ ಎಣ್ಣೆ ಸಾಲಲಿಲ್ಲ,” ಅಂದ.

ಹಮ್ಮಣ್ಣ ಎಣ್ಣೆ ತಂದ. ಹಚ್ಚಿದ. ಸಿಕ್ಕಿತ್ತು, ಕಡೆಗೂ. ಒಂದೊಂದು ಮಾತನ್ನೂ ಮನಸ್ಸಿನಲ್ಲಿ ಕಟ್ಟಿಕೊಂಡ, ಚೀಲಕ್ಕೆ ಉಪ್ಪು ತುಂಬಿದ ಹಾಗೆ. ಲೀವಿ ಅನ್ನೋ ಜನ. ಆಚೆ ದಡದವರು. ಅವರ ತೂಕ.

“ಈಗಲೇ ಹೋಗಿ ಎಡೆ ಇಡ್ತ್ನೆ ಅಜ್ಜಾ. ಎಲ್ಲ ಹೇಳ್ತ್ನೆ ಅವಳಿಗೆ. ಇನ್ನು ಕಾಗೆ ಮುಟ್ತದೆ.”

“ಹೇಳು. ಆದರೆ ಇದು ಅವಳಿಗೆ ಗೊತ್ತಿತ್ತು.”

ಹಮ್ಮಣ್ಣನ ಕೈ ನಿಂತಿತು.

“ಎಂತ?”

“ಗಣಪಿಗೆ ಗೊತ್ತಿತ್ತು. ಅವಳು ಉಪ್ಪು ಮಾರಲಿಕ್ಕೆ ಆಚೆ ದಡಕ್ಕೆ ಹೋಗ್ತಿದ್ದದ್ದು ಯಾರ ದೋಣೀಲಿ? ಬರೋವಾಗಲೆಲ್ಲ ಈ ಭರಣಿಗೆ ಉಪ್ಪು ತರ್ತಿದ್ಳು. ಮೊದಲ ವರ್ಷವೇ ಹೆಸರು ಯಾಕೆ ಅಂತ ಕೇಳಿದ್ಳು. ಹೇಳಿದ್ದೆ. ಆಮೇಲೆ ಎಷ್ಟು ಸಲ ಹೇಳಿಸ್ಕೊಂಡ್ಳೋ ಲೆಕ್ಕ ಇಲ್ಲ. ನಾನು ಎಲ್ಲಾದ್ರೂ ಬಿಟ್ಟರೆ ‘ಬೆಣ್ಣೆ ಬಿಟ್ಟುಹೋಯ್ತು ಅಜ್ಜಾ’ ಅಂತ ನೆನಪು ಮಾಡ್ತಿದ್ಳು.”

ಹಮ್ಮಣ್ಣ ಎಣ್ಣೆಯ ಕರಟ ಕೆಳಗಿಟ್ಟ.

“ನನಗೆ ಒಂದು ಸಲವೂ ಹೇಳಲಿಲ್ಲ.”

“ನೀ ಕೇಳಿದ್ದೆಯಾ?”

“ಇಲ್ಲ.”

“ಹೂಂ.”

“ಗೊತ್ತಿದ್ರೆ ಯಾಕೆ ಕಳಿಸಿದ್ಳು? ಅವತ್ತು ನಾನು ಅಲ್ಲೇ ಇರ್ತಿದ್ದೆ. ಅವಳ ಹತ್ತಿರವೇ ಇರ್ತಿದ್ದೆ. ಗೊತ್ತಿದ್ದದ್ದನ್ನು ಕೇಳ್ಕಂಡು ಬಾ ಅಂತ ಯಾಕೆ ಕಳಿಸಿದ್ಳು ಅಜ್ಜಾ?”

ಅಜ್ಜ ಬಟ್ಟನ್ನು ಎತ್ತಿ ಹಮ್ಮಣ್ಣನ ತೊಡೆಯ ಮೇಲೆ ಇಟ್ಟ. ಎರಡೂ ಕೈಯಿಂದ ಹಿಡಿಯದೆ ಬೇರೆ ದಾರಿ ಇರಲಿಲ್ಲ.

“ಇಲ್ಲಿಗೆ ಬಂದ ಮೇಲೆ ನೀನು ದಿನಾ ಬೆಳಿಗ್ಗೆ ಎದ್ದೆ. ಯಾಕೆ?”

“ಎಣ್ಣೆ ಹಚ್ಚಬೇಕಿತ್ತು.”

“ಉಂಡೆ. ಯಾಕೆ?”

“ಉಣ್ಣದೆ ಇದನ್ನ ಹೊರಲಿಕ್ಕೆ ಆಗ್ತಿರಲಿಲ್ಲ.”

“ದೋಣಿ ಹತ್ತಿದವರ ಹತ್ತಿರವೆಲ್ಲ ಮಾತಾಡಿದೆ. ನಿನ್ನ ಜನ್ಮದಲ್ಲಿ ಅಷ್ಟು ಮಾತಾಡಿದ್ದೆಯಾ?”

ಹಮ್ಮಣ್ಣ ಮುಖ ಒರೆಸಿಕೊಂಡ. ಕೈಯಲ್ಲಿ ಎಣ್ಣೆ ಇತ್ತು. ಮುಖವೆಲ್ಲ ಎಣ್ಣೆಯಾಯಿತು, ಕಣ್ಣಿಗೂ ಹೋಯಿತು. ಕಣ್ಣು ಉರಿಯಿತು, ಹರಿಯಿತು. ಅಜ್ಜ ಎದ್ದು ಹೋಗಿ ದೋಣಿಯ ಹಗ್ಗ ಬಿಗಿ ಮಾಡಿದ. ಬೇಗ ಬರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಹಮ್ಮಣ್ಣ ಎದ್ದ. ಬಟ್ಟಿನ ಇಬ್ಬನಿ ಒರೆಸಿದ. ಎಣ್ಣೆ ಹಚ್ಚಿದ, ಬಳೆಗೂ ಹಚ್ಚಿದ. ದೋಣಿಯಲ್ಲಿಟ್ಟ. ಅಜ್ಜ ನೋಡುತ್ತಿದ್ದ.

“ಬರ್ತ್ನೆ ಅಜ್ಜಾ.”

“ಹೂಂ.”

ಮನೆಗೆ ಹೋಗಿ ಅನ್ನ ಮಾಡಿದ. ಬಾಳೆ ಎಲೆಯಲ್ಲಿ ಕಟ್ಟಿಕೊಂಡ. ಮೂಲೆಯಲ್ಲಿದ್ದ ತಕ್ಕಡಿ ಹೆಗಲಿಗೆ ಹಾಕಿಕೊಂಡ. ಸರಪಳಿ ಕಿಲುಬು ಹಿಡಿದಿತ್ತು.

ಆಗರದಲ್ಲಿ ಹೆಂಗಸರು ಅವನನ್ನು ನೋಡಿದರು. ಬುಟ್ಟಿ ಇಳಿಸಿ ದಾರಿ ಬಿಟ್ಟರು. ಮಂಕಾಳಿ ಮಾತ್ರ, “ಬಂದ ನೋಡು ಮಾರಾಯ, ಎಣ್ಣೆ ಸ್ನಾನ ಮುಗಿಸಿ,” ಅಂದಳು. ಅಂದು ಆಚೆ ತಿರುಗಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಹೊಸಬ ಅವನ ಹತ್ತಿರ ಬಂದು, “ಬದುಕಿದೆ ಅಣ್ಣ,” ಅಂತ ಜಾಗ ಬಿಟ್ಟ.

ಹಮ್ಮಣ್ಣ ಕಟ್ಟೆಯ ಮೇಲೆ ಎಲೆ ಬಿಚ್ಚಿ ಅನ್ನ ಇಟ್ಟ. ಏನೂ ಹೇಳಲಿಲ್ಲ. ಸರಪಳಿ ಒರೆಸಿದ. ಚೀಲ ಕೊಡವಿದ. ದಾರ ಕತ್ತರಿಸಿದ. ಬಿಸಿಲು ಬಿತ್ತು. ರಾಶಿಯ ತಲೆ ಬೆಳ್ಳಗಾಯಿತು. ಆಗ ತಕ್ಕಡಿ ಕಟ್ಟಿದ.

ಮೊದಲು ಬಂದವಳು ಗುರುತಿನವಳಲ್ಲ. ಎಳೆ ಪ್ರಾಯ. ಘಟ್ಟದ ಮೇಲಿನ ಊರಿಗೆ ಉಪ್ಪು ಒಯ್ಯುವ ಗಾಡಿಯ ಜೊತೆ ಹೊಸದಾಗಿ ಬಂದವಳು. ಅವಳ ಚೀಲ ತಕ್ಕಡಿಗೆ ಬಂತು. ಮುಳ್ಳು ಆಡಿತು, ನಿಧಾನ ಆಯಿತು, ನೆಟ್ಟಗೆ ನಿಂತಿತು.

“ಹೂಂ,” ಅಂದ ಹಮ್ಮಣ್ಣ.

ಅವಳು ಹೋಗಲಿಲ್ಲ.

“ಮತ್ತೆಂತ?”

“ಒಂದು ಗಣಪಿ ಹಾಕು, ಅಣ್ಣ.”

ಹಮ್ಮಣ್ಣನ ಕೈ ಸರಪಳಿಯ ಮೇಲೇ ಉಳಿಯಿತು.

“ಎಂತ ಅಂದೆ?”

ಅವಳಿಗೆ ಗಾಬರಿಯಾಯಿತು. “ಒಂದು ಹಿಡಿ ಉಪ್ಪು, ಅಣ್ಣ. ತೂಕದ ಮೇಲಿಂದು. ಇಲ್ಲಿ ಅದಕ್ಕೆ ಹಾಗೆ ಹೇಳ್ಬೇಕು ಅಂತ ನಮ್ಮ ಗಾಡಿಯವರು ಹೇಳಿದ್ರು. ತಪ್ಪಾಯ್ತಾ?”

“ತಪ್ಪಲ್ಲ.”

ಅವನು ರಾಶಿಗೆ ಕೈ ಹಾಕಿದ. ಹಿಡಿ ತುಂಬಿತು. ಇಷ್ಟು ವರ್ಷದಲ್ಲಿ ಅವನು ಉಪ್ಪನ್ನು ಹಿಡಿಯಲ್ಲಿ ಅಳೆದದ್ದಿಲ್ಲ. ಚೀಲಕ್ಕೆ ಹಾಕಿದ. ಹೊಲಿದ. ಅವಳ ತಲೆಗೆ ಎತ್ತಿಕೊಟ್ಟ. ಅವಳು ಬಿರಬಿರನೆ ಹೋದಳು.

ಅವಳ ಹಿಂದೆ ಸಾಲಿನಲ್ಲಿ ಹಡಗಜ್ಜ ನಿಂತಿದ್ದ. ಕೈಯಲ್ಲಿ ಖಾಲಿ ಚೀಲ.

“ಭರಣಿಗೆ ಉಪ್ಪು ಮುಗೀತು,” ಅಂದ ಅಜ್ಜ. “ಕಾಗೆ ಮುಟ್ಟಿತಾ?”

“ನೋಡಲಿಲ್ಲ ಅಜ್ಜಾ. ಮುಳ್ಳು ನೋಡ್ತಾ ಇದ್ದೆ.”

ಅಜ್ಜ ಚೀಲದ ಬಾಯಿ ಅಗಲಿಸಿ ಹಿಡಿದ. ಹಮ್ಮಣ್ಣ ತುಂಬಿದ, ತೂಗಿದ. ಮುಳ್ಳು ನಿಂತಿತು. ಆಮೇಲೆ ತಾನಾಗಿಯೇ ರಾಶಿಗೆ ಕೈ ಹಾಕಿದ.

“ಗಣಪಿ ಅಂತ ಯಾಕೆ ಹೇಳ್ತಾರೆ ಅಂತ ಆ ಹುಡುಗಿ ಕೇಳಿದ್ಳಾ?” ಅಂದ ಅಜ್ಜ.

“ಇಲ್ಲ ಅಜ್ಜಾ. ಕೇಳಲಿಲ್ಲ.”

“ಯಾರಾದ್ರೂ ಕೇಳೋ ತನಕ ಹಾಕ್ತಾ ಇರು, ತಮಾ.”